"ಟೆಸ್ಟ್ ಪಾಸ್ ಆಯ್ತು ಮೇಡಂ"

ಫೋನಿನಲ್ಲಿ ಈ ಮಾತು ಕೇಳಿದರೆ ಕೈಯಲ್ಲಿರುವ ಕೆಲಸ ಬಿಟ್ಟು ಕೂತುಬಿಡುತ್ತೇನೆ. ಸಣ್ಣ, ಮಧ್ಯಮ ಉದ್ಯಮಗಳಿಗೆ ಅಂಕಿಅಂಶದ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಬೇರೆ ತಪ್ಪುಗಳು ವರ್ಷಕ್ಕೆ ಒಂದೋ ಎರಡೋ ಸಲ ಎದುರಾಗುತ್ತವೆ. ಟೆಸ್ಟ್ ವ್ಯತ್ಯಾಸ ಹಿಡಿಯಲಿಲ್ಲ ಅಂದರೆ ವ್ಯತ್ಯಾಸವೇ ಇಲ್ಲ ಅಂದುಕೊಳ್ಳುವ ಇದೊಂದು ಮಾತ್ರ ತಿಂಗಳಿಗೆ ಎರಡು ಸಲ ಬರುತ್ತದೆ. ಹೆಚ್ಚಾಗಿ ಒಳ್ಳೆಯ, ಶ್ರದ್ಧೆಯ ಜನರಿಂದಲೇ ಬರುತ್ತದೆ, ಅದಕ್ಕೇ ಜಾಸ್ತಿ ಸಂಕಟ.

ಆ ಟೆಸ್ಟ್ ಅಂದರೆ ಒನ್ ಸ್ಯಾಂಪಲ್ ಟಿ ಟೆಸ್ಟ್, ಕೆಲವು ಮಾದರಿಗಳ ಸರಾಸರಿಯನ್ನು ಒಂದು ಗುರಿ ಅಂಕಿಯ ಜೊತೆ ಹೋಲಿಸಿ ನೋಡುವ ಲೆಕ್ಕ. ಅದನ್ನು ಮಾಡುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಎಕ್ಸೆಲ್‌ನಲ್ಲಿ ಎರಡು ಸಾಲಿನ ಫಾರ್ಮುಲಾ ಅದು. ಟೆಸ್ಟ್ ಮುಗಿದ ಮೇಲೆ ಬಾಯಿಂದ ಬರುವ ವಾಕ್ಯದ ಬಗ್ಗೆ ಮಾತ್ರ ನನ್ನ ತಕರಾರು.

ಹಾಸನದ ಕಡೆಯ ಒಬ್ಬರು ಫಿಲ್ಟರ್ ಕಾಫಿಪುಡಿ ಪ್ಯಾಕ್ ಮಾಡುತ್ತಾರೆ. ಅರ್ಧ ಕಿಲೋ ಪ್ಯಾಕೆಟ್, ದಿನಕ್ಕೆ ಸುಮಾರು 4000. ತಂದೆಯ ಕಾಲದ ಅಂಗಡಿ, ಈಗ ಯಂತ್ರ ಹಾಕಿಸಿದ್ದಾರೆ. ಪ್ಯಾಕೆಟ್ ಹಗುರ ಅನ್ನಿಸುತ್ತಿದೆ ಅಂತ ಒಬ್ಬ ಡೀಲರ್ ಹೇಳಿದರಂತೆ. ಇವರಿಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆಯೇ ಹತ್ತು ಪ್ಯಾಕೆಟ್ ತೂಗಿಸಿದರು. ಖಾಲಿ ಕವರಿನ ತೂಕ ಕಳೆದು ಸರಾಸರಿ 497.4 ಗ್ರಾಂ ಬಂತು, ಸ್ಟ್ಯಾಂಡರ್ಡ್ ಡೀವಿಯೇಷನ್ (ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಇರುವ ಏರಿಳಿತದ ಅಳತೆ) 5.2. ಎಂಬಿಎ ಓದುತ್ತಿರುವ ಮಗಳು ಟಿ ಟೆಸ್ಟ್ ಮಾಡಿದಳು. ಪಿ ವ್ಯಾಲ್ಯೂ 0.15, ಅಂದರೆ ಯಂತ್ರ ನಿಜವಾಗಿಯೂ ಸರಾಸರಿ 500 ಗ್ರಾಂ ತುಂಬುತ್ತಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ನೂರಕ್ಕೆ ಹದಿನೈದು. ಅದು ರೂಢಿಯ ಗೆರೆಯಾದ 0.05ಕ್ಕಿಂತ ಜಾಸ್ತಿ ಇದೆ, ಹಾಗಾಗಿ ನಲ್ ಹೈಪೋಥಿಸಿಸ್ (ಟೆಸ್ಟ್‌ಗೆ ಒಡ್ಡುವ ಊಹೆ, ಇಲ್ಲಿ "ಸರಾಸರಿ 500 ಗ್ರಾಂ ಇದೆ" ಅನ್ನುವುದು) ತಳ್ಳಿಹಾಕುವ ಹಾಗಿಲ್ಲ. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಅಪ್ಪ ನನಗೆ ಫೋನ್ ಮಾಡಿದರು. "ಟೆಸ್ಟ್ ಪಾಸ್ ಆಯ್ತು ಮೇಡಂ. ಯಂತ್ರ ಸರಿಯಾಗೇ ಇದೆ. ಡೀಲರ್‌ಗೆ ಹೇಳಿಬಿಡ್ತೀನಿ."

ಹೇಳಬೇಡಿ, ಒಂದು ದಿನ ತಡೆಯಿರಿ ಅಂದೆ.

ಮರುದಿನ ಅವರ ಮುಂದೆ ಕೂತು ಅದೇ ಹತ್ತು ತೂಕಗಳ ಮೇಲೆ ಇನ್ನೂ ಮೂರು ಟೆಸ್ಟ್ ಮಾಡಿದೆ. ಯಂತ್ರ ಸರಾಸರಿ 498 ಗ್ರಾಂ ತುಂಬುತ್ತಿದೆ ಅನ್ನೋಣ, ಪಿ ವ್ಯಾಲ್ಯೂ ಎಷ್ಟು? 0.72. ಪಾಸ್. 496 ತುಂಬುತ್ತಿದೆ ಅನ್ನೋಣ. 0.42. ಪಾಸ್. 495? ಅದಕ್ಕೆ 0.18, ಅದೂ ಪಾಸ್. ಒಂದೇ ಯಂತ್ರದ ಸರಾಸರಿ ಒಂದೇ ಹೊತ್ತಿಗೆ 500, 498, 496, 495 ಎಲ್ಲ ಆಗಿರಲು ಸಾಧ್ಯವೇ? ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ತುಂಬಾ ಹೊತ್ತು ನೋಡಿದರು. "ಹಾಗಾದ್ರೆ 500ಕ್ಕಿಂತ 495ಕ್ಕೇ ಪಿ ಜಾಸ್ತಿ ಇದೆಯಲ್ಲ ಮೇಡಂ" ಅಂದರು. ಹೌದು. ಆ ಹತ್ತು ಪ್ಯಾಕೆಟ್‌ಗಳಿಗೆ ಗೊತ್ತಿದ್ದದ್ದು ಇಷ್ಟೇ: ನಿಜವಾದ ಸರಾಸರಿ ಸುಮಾರು 493.7ರಿಂದ 501.1 ಗ್ರಾಂ ಒಳಗೆ ಎಲ್ಲೋ ಇದೆ. ಇದನ್ನೇ 95% ಕಾನ್ಫಿಡೆನ್ಸ್ ಇಂಟರ್ವಲ್ ಅನ್ನುತ್ತೇವೆ, ಹೀಗೆ ನೂರು ಸಲ ಲೆಕ್ಕ ಹಾಕಿದರೆ ಸುಮಾರು 95 ಸಲ ನಿಜವಾದ ಸರಾಸರಿ ಒಳಗೆ ಸಿಗುತ್ತದೆ. 500 ಕೂಡ ಅದರೊಳಗೆ ಬಿತ್ತು, ಅದಕ್ಕೇ ಟೆಸ್ಟ್ ಸುಮ್ಮನಿತ್ತು. ಆರು ಗ್ರಾಂ ಕಡಿಮೆ ಅನ್ನುವುದೂ ಅದರೊಳಗೇ ಬಿತ್ತು. ಅದರ ಬಗ್ಗೆಯೂ ಟೆಸ್ಟ್ ಸುಮ್ಮನೇ ಇತ್ತು.

ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ, ಯಾಕೆಂದರೆ ಒಂದು ಸಲ ಹೇಳಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ ಅನ್ನುವುದು ನನ್ನ ಅನುಭವ. ಕೋಲಾರದ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟುತ್ತದೆ. ಅಲ್ಲಿ ಯಾರಾದರೂ ಅರವತ್ತು ಅಡಿ ಕೊರೆಸಿ, ರಿಗ್ ಲಾರಿ ವಾಪಸ್ ಕಳಿಸಿ, "ಈ ಹೊಲದಲ್ಲಿ ನೀರಿಲ್ಲ ಅಂತ ಗೊತ್ತಾಯ್ತು" ಅಂದರೆ ಪಕ್ಕದ ಹೊಲದವರು ಒಪ್ಪುತ್ತಾರಾ? ಅರವತ್ತು ಅಡಿಯವರೆಗೆ ಸಿಗಲಿಲ್ಲ, ಅಷ್ಟೆ. ಹತ್ತು ಪ್ಯಾಕೆಟ್ ತೂಗುವುದು ಅರವತ್ತು ಅಡಿ ಕೊರೆದ ಹಾಗೆ. ವ್ಯತ್ಯಾಸ ದೊಡ್ಡದಿದ್ದರೆ ಅಷ್ಟರಲ್ಲೇ ಚಿಮ್ಮುತ್ತದೆ. ಸಣ್ಣದಿದ್ದರೆ ಇನ್ನೂ ಕೊರೆಯಬೇಕು.

ಎಷ್ಟು ಕೊರೆಯಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಈ ಯಂತ್ರದಲ್ಲಿ ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಸುಮಾರು 5 ಗ್ರಾಂ ಏರಿಳಿತ ಇದೆ. ನಿಜವಾಗಿಯೂ 2 ಗ್ರಾಂ ಕಡಿಮೆ ತುಂಬುತ್ತಿದ್ದರೆ, ಹತ್ತು ಪ್ಯಾಕೆಟ್‌ನ ಟೆಸ್ಟ್ ಅದನ್ನು ಹಿಡಿಯುವುದು ಐದು ಸಲದಲ್ಲಿ ಒಂದು ಸಲ ಮಾತ್ರ. ಉಳಿದ ನಾಲ್ಕು ಸಲ ಪಿ ವ್ಯಾಲ್ಯೂ 0.05ರ ಮೇಲೇ ಬರುತ್ತದೆ, ಮಾಲೀಕರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಐದರಲ್ಲಿ ನಾಲ್ಕು ಸಲ ಹಿಡಿಯಬೇಕು ಅಂದರೆ ಸುಮಾರು 50 ಪ್ಯಾಕೆಟ್ ಬೇಕು. ಇದು ಅಂದಾಜು, ಏರಿಳಿತ ಜಾಸ್ತಿ ಇದ್ದರೆ ಪ್ಯಾಕೆಟ್ಟೂ ಜಾಸ್ತಿ ಬೇಕು. ನಿಮ್ಮ ಡೇಟಾ ನೋಡದೆ ಈ 50ನ್ನು ಎತ್ತಿ ನಿಮ್ಮ ಫ್ಯಾಕ್ಟರಿಗೆ ಹಾಕಿಕೊಳ್ಳಬೇಡಿ, ದಯವಿಟ್ಟು.

ಎರಡು ಗ್ರಾಂ ಏನು ಮಹಾ ಅನ್ನಬೇಡಿ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ ಅರ್ಧ ಕಿಲೋದ ಒಂದೊಂದು ಪ್ಯಾಕೆಟ್‌ನಲ್ಲಿ 15 ಗ್ರಾಂವರೆಗೆ ಹೆಚ್ಚುಕಡಿಮೆಗೆ ಅವಕಾಶ ಇದೆ. ಆದರೆ ತಪಾಸಣೆಗೆ ತೆಗೆದ ಪ್ಯಾಕೆಟ್‌ಗಳ ಸರಾಸರಿ ಮೇಲೆ ಬರೆದ ತೂಕಕ್ಕಿಂತ ಕಡಿಮೆ ಇರುವಂತಿಲ್ಲ. ನಿಯಮದ ಪೂರ್ತಿ ವಿವರವನ್ನು ತಿಳಿದವರ ಹತ್ತಿರ ಕೇಳಿಕೊಳ್ಳಿ, ನಾನು ವಕೀಲೆ ಅಲ್ಲ. ಇನ್ನು ದುಡ್ಡು ಕೊಟ್ಟು ಕೊಳ್ಳುವವರಿಗೆ ನ್ಯಾಯವಾಗಿ ಸಿಗಬೇಕಾದ ಪುಡಿಯ ಮಾತು ಬೇರೆಯೇ ಇದೆ.

ಹತ್ತು ಪ್ಯಾಕೆಟ್‌ನಲ್ಲಿ ಇನ್ನೊಂದು ಐಬಿತ್ತು. ಹತ್ತನ್ನೂ ಒಂದೇ ಸಲ, ಬೆಳಿಗ್ಗೆ ಹತ್ತು ಗಂಟೆಗೆ, ಸಾಲಾಗಿ ಎತ್ತಿದ್ದರು. ಪುಡಿ ತುಂಬುವ ಆಗರ್ ಯಂತ್ರ ತೂಕ ನೋಡಿ ತುಂಬುವುದಿಲ್ಲ. ಅದರ ಸ್ಕ್ರೂ ಇಷ್ಟು ಸುತ್ತು ಅಂತ ತಿರುಗಿ ಅಷ್ಟು ಜಾಗದ ಪುಡಿಯನ್ನು ಕೆಳಗೆ ತಳ್ಳುತ್ತದೆ. ಮೇಲಿನ ಹಾಪರ್ (ಪುಡಿ ಸುರಿಯುವ ತೊಟ್ಟಿ) ತುಂಬಿದ್ದರೆ ಪುಡಿ ಒತ್ತಿಕೊಂಡು ಕೂರುತ್ತದೆ, ತೂಕ ಬರುತ್ತದೆ. ಹಾಪರ್ ಖಾಲಿಯಾಗುತ್ತಾ ಬಂದರೆ ಪುಡಿ ಸಡಿಲ, ತೂಕ ಕಡಿಮೆ. ಆಗತಾನೇ ಬೀಸಿದ ಪುಡಿ ಇನ್ನೂ ಸಡಿಲ. ಚಿಕೋರಿ ಪ್ರಮಾಣ ಬದಲಾದರೆ ಮತ್ತೊಂದು ತೂಕ. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಅಲ್ಲಿಯ ಆಪರೇಟರ್ ಹುಡುಗ. ಕೈಯಲ್ಲಿ ಕವರ್ ಹಿಡಿದೇ ಅವನಿಗೆ ತಿಳಿಯುತ್ತದಂತೆ, ಆದರೆ ಅವನನ್ನು ಯಾರೂ ಕೇಳಿರಲಿಲ್ಲ. ಒಂದೇ ನಿಮಿಷದಲ್ಲಿ ಸಾಲಾಗಿ ಬಂದ ಹತ್ತು ಪ್ಯಾಕೆಟ್ ಆ ಒಂದು ನಿಮಿಷದ ಕಥೆ ಹೇಳುತ್ತವೆ. ದಿನದ ಕಥೆ ಬೇಕಾದರೆ ದಿನವಿಡೀ ಎತ್ತಬೇಕು.

ಹಾಗೇ ಮಾಡಿದೆವು. ಹದಿನೈದು ನಿಮಿಷಕ್ಕೊಂದು ಪ್ಯಾಕೆಟ್, ಎರಡು ದಿನ, ಒಟ್ಟು 60. ಸರಾಸರಿ 497.6, ಸ್ಟ್ಯಾಂಡರ್ಡ್ ಡೀವಿಯೇಷನ್ 5.0. ಅಂದರೆ ಹತ್ತು ಪ್ಯಾಕೆಟ್‌ನಲ್ಲಿ ಕಂಡದ್ದೇ ಹೆಚ್ಚುಕಡಿಮೆ ಮತ್ತೆ ಕಂಡಿತು. ಆದರೆ ಈಗ ಪಿ ವ್ಯಾಲ್ಯೂ 0.001ಕ್ಕಿಂತಲೂ ಕೆಳಗೆ, ನಿಜವಾದ ಸರಾಸರಿ 496.3ರಿಂದ 498.9ರ ಒಳಗೆ. ಯಂತ್ರ ಬದಲಾಗಿರಲಿಲ್ಲ. ನಾವು ಇನ್ನಷ್ಟು ಆಳಕ್ಕೆ ಹೋಗಿದ್ದೆವು ಅಷ್ಟೆ. ದಿನಕ್ಕೆ 4000 ಪ್ಯಾಕೆಟ್ ಅಂದರೆ ದಿನವೂ ಸುಮಾರು ಒಂಬತ್ತೂವರೆ ಕಿಲೋ ಪುಡಿ ಗಿರಾಕಿಗಳಿಗೆ ಕಡಿಮೆ ಹೋಗುತ್ತಿತ್ತು. ಆ ಮನುಷ್ಯನ ಮುಖ ಬಾಡಿಹೋಯಿತು. ಒಂದು ಗ್ರಾಂ ಮೋಸವೂ ಅವರ ಮನಸ್ಸಿನಲ್ಲಿ ಇರಲಿಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ.

ಇದೇನು ನಾನು ಕಂಡುಹಿಡಿದ ಮಾತಲ್ಲ. ನಲ್ ಹೈಪೋಥಿಸಿಸ್ ಅನ್ನುವುದು ಎಂದಿಗೂ ಸಾಬೀತಾಗುವುದಿಲ್ಲ, ಹೆಚ್ಚೆಂದರೆ ಸುಳ್ಳು ಅಂತ ತೋರಿಸಬಹುದು ಎಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1935ರಲ್ಲೇ ಬರೆದಿದ್ದಾರೆ. ಅದಕ್ಕೂ ಮೊದಲು, 1908ರಲ್ಲಿ, ಟಿ ಟೆಸ್ಟ್‌ನ ಮೂಲ ಲೆಕ್ಕ ಕೊಟ್ಟವರು ವಿಲಿಯಂ ಗಾಸೆಟ್. ಅವರು ಕಾಲೇಜು ಮೇಷ್ಟ್ರಲ್ಲ, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ನೌಕರ. ತಮ್ಮ ಹೆಸರು ಹಾಕದೆ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಎಷ್ಟು ಖಚಿತತೆ ಸಾಕು ಅನ್ನುವುದು ಆ ನಿರ್ಧಾರದಲ್ಲಿರುವ ಲಾಭನಷ್ಟದ ಮೇಲೆ ನಿಂತಿದೆ ಅನ್ನುವುದು ಅವರ ನಿಲುವು. ಅಂದರೆ ಈ ಟೆಸ್ಟ್ ಹುಟ್ಟಿದ್ದೇ ವ್ಯಾಪಾರದ ಮನೆಯಲ್ಲಿ. 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಒಂದು ಹೇಳಿಕೆ ಹೊರಡಿಸಿ, ಪಿ ವ್ಯಾಲ್ಯೂ ಒಂದು ಗೆರೆ ದಾಟಿತೋ ಇಲ್ಲವೋ ಅನ್ನುವುದೊಂದನ್ನೇ ನೋಡಿ ವ್ಯಾಪಾರದ ನಿರ್ಧಾರ ತೆಗೆದುಕೊಳ್ಳಬಾರದು ಅಂತ ಬಿಡಿಸಿ ಹೇಳಿತು. ಆದರೂ ನನ್ನ ಫೋನ್ ನಿಂತಿಲ್ಲ.

ಈ ತಪ್ಪನ್ನು ಮಾಡದೇ ಇದ್ದವರು ಧಾರವಾಡದ ಒಬ್ಬ ತಾಯಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ಓದಿದ್ದು ಹತ್ತನೇ ಕ್ಲಾಸ್. ಒಂದು ಪ್ಯಾಕಿಂಗ್ ಯಂತ್ರ ನೋಡಿ ಬಂದಿದ್ದರು. ಗಂಟೆಗೆ 120 ಪ್ಯಾಕೆಟ್ ಅಂತ ಮಾರುವವರು ಹೇಳಿದ್ದರು, ಎರಡು ವಾರ ಇಟ್ಟುಕೊಂಡು ನೋಡಿ ಅಂತಲೂ ಕಳಿಸಿದ್ದರು. ಈ ಅಕ್ಕ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಅಕ್ಕಾರ, ಎಷ್ಟು ತಾಸು ಓಡಿಸಿ ನೋಡಿದ್ರ ನಂಬಬಹುದ್ರಿ?" ಎರಡನೆಯದು ಪ್ರಶ್ನೆಯಲ್ಲ, ಲೆಕ್ಕ. "ತಾಸಿಗೆ 110ಕ್ಕಿಂತ ಕಡಿಮಿ ಬಂದ್ರ ನನಗ ಬ್ಯಾಂಕಿನ ಕಂತು ಕಟ್ಟಾಕ ಆಗೂದಿಲ್ರಿ." ಇಷ್ಟು ಹೇಳಿದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ದೊಡ್ಡ ಕಂಪನಿಗಳ ಮೀಟಿಂಗ್‌ನಲ್ಲಿ ಈ ಒಂದು ಅಂಕಿ ಹೊರಡಿಸಲು ನನಗೆ ಎರಡು ಗಂಟೆ ಬೇಕಾಗುತ್ತದೆ.

ನಾವು 120ನ್ನು ನಲ್ ಮಾಡಲಿಲ್ಲ. ಅವರ ಭಯವನ್ನೇ ನಲ್ ಮಾಡಿದೆವು: "ಯಂತ್ರ ಗಂಟೆಗೆ 110 ಅಥವಾ ಅದಕ್ಕಿಂತ ಕಡಿಮೆ ಕೊಡುತ್ತದೆ." ಇದನ್ನು ಸುಳ್ಳು ಅಂತ ತೋರಿಸುವ ಹೊಣೆ ಯಂತ್ರದ ಮೇಲೆ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ 12 ತಾಸು ಎಣಿಸಿದರು, ಒಂದು ದಿನ ಕರೆಂಟ್ ಹೋಗಿಬಂದ ತಾಸನ್ನೂ ಬಿಡದೆ. ಸರಾಸರಿ 116, ಸ್ಟ್ಯಾಂಡರ್ಡ್ ಡೀವಿಯೇಷನ್ 7. 110ರ ಭಯಕ್ಕೆ ಪಿ ವ್ಯಾಲ್ಯೂ 0.006ರ ಹತ್ತಿರ. ಭಯ ಬಿಡಬಹುದು ಅನ್ನುವಷ್ಟು ಪುರಾವೆ ಸಿಕ್ಕಿತು, ಯಂತ್ರ ಕೊಂಡರು. ಇದೇ ಅಂಕಿಗಳನ್ನು ಮಾರುವವರು ಹೇಳಿದ 120ರ ಎದುರು ಇಟ್ಟಿದ್ದರೆ ಪಿ ವ್ಯಾಲ್ಯೂ 0.07 ಬರುತ್ತಿತ್ತು, "120 ಪಾಸ್" ಅಂತ ಯಾರಾದರೂ ಬರೆದುಕೊಡುತ್ತಿದ್ದರು. ಅಕ್ಕ ಆ 120ನ್ನು ನಂಬಿ ಆರ್ಡರ್ ಒಪ್ಪಿಕೊಂಡಿದ್ದರೆ ಹಬ್ಬದ ಹೊತ್ತಿಗೆ ಕೈ ಸೋಲುತ್ತಿತ್ತು. ಅವರು ಲೆಕ್ಕ ಹಾಕಿಕೊಂಡಿದ್ದು 112ಕ್ಕೆ.

ಬೇಡದ ವ್ಯತ್ಯಾಸ ಇಲ್ಲ ಅಂತ ತೋರಿಸಬೇಕಾದ ಕೆಲಸಕ್ಕೆಲ್ಲ ನಾನು ಕೊಡುವ ಸಲಹೆ ಇದೇ. ಟೆಸ್ಟ್‌ನಲ್ಲಿ ಯಾವುದು ನಲ್ ಅನ್ನುವುದನ್ನು ತಿರುಗಿಸಿ. ಅದಕ್ಕೆ ಮೊದಲು, ಎಷ್ಟು ವ್ಯತ್ಯಾಸವಾದರೆ ನಿಮಗೆ ನೋವು ಅನ್ನುವ ಅಂಕಿಯನ್ನು ಡೇಟಾ ನೋಡುವ ಮುಂಚೆ ಬರೆದಿಡಿ. ನೋಡಿದ ಮೇಲೆ ಬರೆದರೆ ಅಂಕಿ ನಿಮ್ಮ ಆಸೆಯ ಕಡೆಗೇ ವಾಲುತ್ತದೆ.

ಇದರ ಉಲ್ಟಾ ತಪ್ಪೂ ಇದೆ, ಒಂದೇ ಮಾತಲ್ಲಿ ಹೇಳಿ ಮುಗಿಸುತ್ತೇನೆ. ಮನೆಗೆ ಸಾಮಾನು ತಲುಪಿಸುವ ಒಂದು ಸಂಸ್ಥೆಯ ಒಂದು ಲಕ್ಷ ಆರ್ಡರ್ ನೋಡಿದ್ದೆ. 30 ನಿಮಿಷ ಅಂತ ಹೇಳಿಕೊಂಡಿದ್ದರು, ಸರಾಸರಿ 30.2 ಇತ್ತು. ಅಷ್ಟು ಡೇಟಾ ಇದ್ದರೆ ಪಿ ವ್ಯಾಲ್ಯೂ ಸೊನ್ನೆಗೆ ಅಂಟಿಕೊಂಡೇ ಬರುತ್ತದೆ. ಮ್ಯಾನೇಜರ್ ಗಾಬರಿಯಾಗಿ ಡೆಲಿವರಿ ಹುಡುಗರಿಗೆ ದಂಡ ಹಾಕುವ ಯೋಚನೆಯಲ್ಲಿದ್ದರು. ಎಷ್ಟಕ್ಕೆ? ಹನ್ನೆರಡು ಸೆಕೆಂಡಿಗೆ. ಮಳೆಯಲ್ಲಿ ಬೈಕ್ ಓಡಿಸುವ ಹುಡುಗರ ಸಂಬಳಕ್ಕೆ ಕೈ ಹಾಕುವ ಮೊದಲು ಆ ಹನ್ನೆರಡು ಸೆಕೆಂಡನ್ನು ಗಡಿಯಾರದಲ್ಲಿ ಎಣಿಸಿ ನೋಡಿ ಅಂತ ಕೇಳಿಕೊಂಡೆ. ಅವರು ಎಣಿಸಿದರು, ದಂಡದ ಮಾತು ಅಲ್ಲಿಗೆ ನಿಂತಿತು.

ಹಾಸನದವರು ಆಮೇಲೆ ಹಾಪರ್ ಯಾವಾಗಲೂ ಅರ್ಧಕ್ಕಿಂತ ಮೇಲಿರುವ ಹಾಗೆ ನೋಡಿಕೊಂಡರು, ಸ್ಕ್ರೂವಿನ ಸುತ್ತನ್ನೂ ಸ್ವಲ್ಪ ಹೆಚ್ಚಿಸಿದರು. ಪ್ಯಾಕೆಟ್ ಎತ್ತುವ ಕೆಲಸ ಆ ಆಪರೇಟರ್ ಹುಡುಗನಿಗೇ ಕೊಟ್ಟಿದ್ದಾರೆ. ಡೀಲರ್‌ಗೆ ತಾವೇ ಫೋನ್ ಮಾಡಿ, "ನೀವು ಹೇಳಿದ್ದು ಸರಿಯಿತ್ತು" ಅಂದರಂತೆ. ಹೋದ ತಿಂಗಳು ಮತ್ತೆ ಫೋನ್ ಬಂತು. ಕಾಲು ಕಿಲೋ ಪ್ಯಾಕೆಟ್ ಶುರು ಮಾಡುತ್ತಿದ್ದಾರೆ.

"ಎಷ್ಟು ಪ್ಯಾಕೆಟ್ ತೂಗಬೇಕು ಮೇಡಂ?"

"ಎಷ್ಟು ಗ್ರಾಂ ವ್ಯತ್ಯಾಸ ಹಿಡೀಬೇಕು ಅಂತ ನೀವು ಹೇಳಿ, ನಾನು ಹೇಳ್ತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗಳ ಜೊತೆ ಕೂತು ಲೆಕ್ಕ ಹಾಕಿ ನಾಳೆ ಬೆಳಿಗ್ಗೆ ಹೇಳ್ತೀನಿ" ಅಂದರು.