ಅಕ್ಕ ಯಾಕೆ ಊಟ ಬಿಟ್ಟಿದ್ದಾಳೆ? ಆರು ವರ್ಷದ ತಮ್ಮನಿಗೆ ಹೇಳುವುದು ಹೇಗೆ

ಪ್ರಶ್ನೆ: ಹದಿನೈದರ ಮಗಳಿಗೆ ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಡುವ ಮಾನಸಿಕ ಕಾಯಿಲೆ) ಇದೆ, ಚಿಕಿತ್ಸೆ ನಡೆಯುತ್ತಿದೆ. ಆರು ವರ್ಷದ ಮಗ ‘ಅಕ್ಕ ಯಾಕೆ ತಿನ್ನಲ್ಲ, ನನ್ನ ಮೇಲೆ ಯಾಕೆ ರೇಗ್ತಾಳೆ’ ಎಂದು ಕೇಳುತ್ತಲೇ ಇರುತ್ತಾನೆ. ಕಥೆಯ ಮೂಲಕ ತಿಳಿಸಬಹುದೇ?

ಉತ್ತರ: ತಿಳಿಸಬಹುದು, ತಿಳಿಸಲೇಬೇಕು. ದೊಡ್ಡವರು ಬಾಯಿ ಬಿಡದಿದ್ದರೆ ಆ ವಯಸ್ಸಿನ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ‘ನಾನು ಜಗಳ ಆಡಿದ್ದಕ್ಕೇ ಹೀಗಾಯ್ತು’ ಎಂದುಕೊಂಡು ಒಳಗೊಳಗೇ ಕೊರಗಬಹುದು.

ಕಥೆಯಲ್ಲಿ ಅಕ್ಕ ಬೇರೆ, ಕಾಯಿಲೆ ಬೇರೆ ಆಗಿರಲಿ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ, ಹೆತ್ತವರೇ ಮುಂದೆ ನಿಂತು ಉಣ್ಣಿಸುವ ಚಿಕಿತ್ಸಾಕ್ರಮದಲ್ಲೂ ಇದು ಒಂದು ಮುಖ್ಯ ತತ್ವ. ಹೀಗೆ ಶುರು ಮಾಡಿ: “ಒಬ್ಬಳು ಹುಡುಗಿ ಇದ್ದಳು. ಅವಳ ಕಿವಿಯಲ್ಲಿ ಒಬ್ಬ ಸುಳ್ಳಪ್ಪ ಬಂದು ಕೂತ. ಅವನು ಯಾರ ಕಣ್ಣಿಗೂ ಕಾಣ. ತಟ್ಟೆ ಮುಂದೆ ಕೂತರೆ ಸಾಕು, ‘ತಿನ್ನಬೇಡ, ತಿನ್ನಬೇಡ’ ಅಂತ ಪಿಸುಗುಟ್ಟುತ್ತಿದ್ದ. ಹುಡುಗಿ ನಂಬಿದಳು. ಆಮೇಲೆ ಅಪ್ಪ, ಅಮ್ಮ, ಡಾಕ್ಟರು ಅವಳ ಪಕ್ಕ ಕೂತರು. ಸುಳ್ಳಪ್ಪ ಇನ್ನೂ ಜೋರಾಗಿ ಕಿರುಚಿದ...” ಅವನಿಗೆ ಬೇರೆ ಹೆಸರು ಬೇಕಿದ್ದರೆ ಮಗನೇ ಇಡಲಿ. ಆದರೆ ಅವನನ್ನು ಒಂದೇ ರಾತ್ರಿಯಲ್ಲಿ ಓಡಿಸಬೇಡಿ. ಚೇತರಿಕೆಗೆ ತಿಂಗಳುಗಳೇ ಬೇಕು, ಕಥೆಯೂ ಕಂತುಕಂತಾಗಿ ಸಾಗಲಿ. ಮತ್ತೊಂದು ಮಾತು: ಹೇಳುವ ಮುನ್ನ ಮಗಳ ಒಪ್ಪಿಗೆ ಕೇಳಿ. ಕಥೆ ಅವಳದು.

ರೇಗುವುದಕ್ಕೂ ಕಥೆಯಲ್ಲಿ ಜಾಗ ಬೇಕು. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಗಂಡಸರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಗಮನಿಸಿದ್ದರು. ಅವರಲ್ಲಿ ಸಿಡುಕು, ಖಿನ್ನತೆ ಹೆಚ್ಚಿತು. ಜನರಿಂದ ದೂರ ಸರಿದರು. ಹಗಲಿರುಳೂ ಊಟದ್ದೇ ಯೋಚನೆ. ಹಸಿದ ದೇಹ ಮನಸ್ಸನ್ನೂ ಹಾಗೆ ಬದಲಿಸುತ್ತದೆ. ‘ಅಕ್ಕ ರೇಗೋದು ನಿನ್ನ ತಪ್ಪಿನಿಂದಲ್ಲ, ಅವಳ ಮೈಗೆ ಊಟ ಸಾಕಾಗ್ತಿಲ್ಲ’ ಎಂದರೆ ಮಗುವಿಗೆ ಅರ್ಥವಾಗುತ್ತದೆ.

ತೂಕ, ಕಿಲೋ, ಕ್ಯಾಲೊರಿ, ಊಟ ಬಚ್ಚಿಡುವ ಉಪಾಯ ಯಾವುದೂ ಕಥೆಯಲ್ಲಿ ಬರಬಾರದು. ಎಚ್ಚರಿಕೆಗೆಂದು ಹೇಳಿದ್ದೇ ಮಗುವಿಗೆ ಪಾಠವಾಗಬಹುದು. ‘ಡುಮ್ಮ’, ‘ಕಡ್ಡಿ’ ಎಂಬ ಮನೆಯ ಅಡ್ಡಹೆಸರುಗಳನ್ನೂ, ನೆಂಟರು ಮುದ್ದಿಗೆ ಕರೆದರೂ ಸರಿ, ಇಂದೇ ನಿಲ್ಲಿಸಿ.

ದೇಹದ ಬಗ್ಗೆ ಹೇಳಲು ನಮ್ಮ ಚೌತಿಯ ಕಥೆಯೇ ಇದೆ. ಗಣಪನ ಡೊಳ್ಳುಹೊಟ್ಟೆ ನೋಡಿ ಚಂದ್ರ ನಕ್ಕ, ಶಾಪ ತಗುಲಿದ್ದು ನಕ್ಕವನಿಗೆ. ಹೊಟ್ಟೆ ಕರಗಿಸು ಎಂದು ಗಣಪನಿಗೆ ಯಾರೂ ಹೇಳಲಿಲ್ಲ. ಅದೇ ಹೊಟ್ಟೆಗೆ ಇಂದಿಗೂ ಪೂಜೆ. ಕಡುಬು ಹೆಚ್ಚಾಗಿ ಹೊಟ್ಟೆ ಒಡೆಯಿತೆಂಬ ಭಾಗವನ್ನು ಮಾತ್ರ ನಿಮ್ಮ ಮನೆಯಲ್ಲಿ ಸದ್ಯಕ್ಕೆ ಬಿಟ್ಟುಬಿಡಿ.

ಅಕ್ಕನಿಗೆ ಉಣ್ಣಿಸುವ, ಅವಳ ತಟ್ಟೆ ಕಾಯುವ ಹೊಣೆಯನ್ನು ತಮ್ಮನಿಗೆ ಹೊರಿಸಬೇಡಿ, ಅದು ದೊಡ್ಡವರದು. ಊಟವಾದ ಮೇಲಿನ ಹೊತ್ತು ಅವಳಿಗೆ ಬಹಳ ಕಷ್ಟದ್ದು. ಆಗ ಅವನು ಚೌಕಾಬಾರಕ್ಕೆ ಕರೆದರೆ ಅದೇ ದೊಡ್ಡ ಸಹಾಯ. ಅವನೂ ಊಟ ತಳ್ಳತೊಡಗಿದರೆ, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡರೆ, ಮಗಳ ವೈದ್ಯರಿಗೆ ತಡಮಾಡದೆ ತಿಳಿಸಿ. ಇಡೀ ಮನೆಯೇ ಕುಗ್ಗಿದೆ ಅನ್ನಿಸಿದಾಗ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.