ಆರ್ಥರನ ಕಥೆಗೆ ಮೋರಿಯನ್ ಹೊಸಬನಲ್ಲ

ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ಕಥೆ ತೆರೆಗೆ ಬಂದಾಗ ಅದರಲ್ಲಿ ಕಪ್ಪು ವೀರನೊಬ್ಬ ಕಂಡರೆ, ನನ್ನ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇದು ಈಗಿನವರು ಸುಮ್ನೆ ಸೇರಿಸಿದ್ದು, ಅಲ್ವಾ ಮೇಡಂ?" ಮಧ್ಯಯುಗದ ಸಾಹಿತ್ಯ ಕಲಿಸುವವಳಾಗಿ ನಾನು ಆಗ ಮೋರಿಯನ್‌ನ ಕಥೆ ಹೇಳುತ್ತೇನೆ.

13ನೇ ಶತಮಾನದ ಡಚ್ ಕಾವ್ಯವೊಂದರ ನಾಯಕ ಇವನು. ತಂದೆ ಆರ್ಥರನ ದುಂಡುಮೇಜಿನ ವೀರ ಅಗ್ಲೊವಾಲ್, ತಾಯಿ ಮೂರ್ ಎಂದು ಕರೆಯುತ್ತಿದ್ದ ಉತ್ತರ ಆಫ್ರಿಕಾದ ಜನರ ರಾಜಕುಮಾರಿ. ಬಿಟ್ಟುಹೋದ ತಂದೆಯನ್ನು ಹುಡುಕಿಕೊಂಡು ಮಗ ಹೊರಡುತ್ತಾನೆ. ದಾರಿಯಲ್ಲಿ ಆರ್ಥರನ ಹೆಸರಾಂತ ವೀರ ಲ್ಯಾನ್ಸೆಲಾಟ್‌ನಂಥವನ ಜೊತೆಗೇ ಕಾದಾಡುತ್ತಾನೆ. ಹಲ್ಲೊಂದು ಬಿಳಿ, ಉಳಿದಂತೆ ಅವನು ಪೂರಾ ಕಪ್ಪು ಎನ್ನುವ ಕವಿ, ಕಪ್ಪಗಿದ್ದರೆ ಏನು ಕಡಿಮೆಯಾಯಿತು ಎಂದು ತಾನೇ ಕೇಳುತ್ತಾನೆ. ಅದೇ ಕಾವ್ಯದಲ್ಲಿ ದೋಣಿಯವರು ಅವನನ್ನು ಕಂಡು ಹೆದರಿ ಓಡುತ್ತಾರೆ. ಮೆಚ್ಚುಗೆ, ಭಯ ಎರಡನ್ನೂ ಮುಚ್ಚಿಡದ ಕವಿ ಇವನು. ನನಗೆ ಈ ಕಾವ್ಯ ಇಷ್ಟವಾಗುವುದು ಅದಕ್ಕೇ.

ಸ್ಟೋನ್‌ಹೆಂಜ್ ಎಂಬ ಇಂಗ್ಲೆಂಡಿನ ಪ್ರಾಚೀನ ಕಲ್ಲುವೃತ್ತದ ಕಥೆಯಲ್ಲೂ ಆಫ್ರಿಕಾ ಬರುತ್ತದೆ. ಅಲ್ಲಿನ ಕಲ್ಲುಗಳನ್ನು ದೈತ್ಯರು ಆಫ್ರಿಕಾದಿಂದ ಐರ್ಲೆಂಡಿಗೆ ಹೊತ್ತು ತಂದಿದ್ದರು, ಮಾಂತ್ರಿಕ ಮರ್ಲಿನ್ ಅಲ್ಲಿಂದ ತರಿಸಿದ ಎಂದು ಬ್ರಿಟನ್ನಿನ ಬರಹಗಾರ ಮನ್ಮತ್‌ನ ಜೆಫ್ರಿ 1136ರ ಸುಮಾರಿಗೆ ಬರೆದ.

ಕಥೆಯಲ್ಲಿ ಇದ್ದ ಮಾತ್ರಕ್ಕೆ ಆಫ್ರಿಕಾ ಮೂಲದ ಜನ ನಿಜವಾಗಿ ಬ್ರಿಟನ್ನಿನಲ್ಲಿದ್ದರು ಅನ್ನಲಾಗದು. ಅದಕ್ಕೆ ಮಣ್ಣಿನಲ್ಲಿ ಸಾಕ್ಷಿ ಹುಡುಕಬೇಕು. ಆಗ್ನೇಯ ಇಂಗ್ಲೆಂಡಿನ ಕೆಂಟ್‌ನ ಅಪ್‌ಡೌನ್ ಎಂಬಲ್ಲಿ 7ನೇ ಶತಮಾನದ ಗೋರಿಯೊಂದಿದೆ. ಅದರಲ್ಲಿದ್ದವಳು 11ರಿಂದ 13 ವರ್ಷದ ಹುಡುಗಿ. ಪಕ್ಕದಲ್ಲಿ ಒಂದು ಮಡಕೆ, ಚಾಕು, ಚಮಚ, ಮೂಳೆಯ ಬಾಚಣಿಗೆ. ತಾಯಿಯ ಕಡೆಯವರು ಉತ್ತರ ಯುರೋಪಿನವರು. ಆದರೆ ತಂದೆಯ ಅಪ್ಪ ಅಥವಾ ಅಮ್ಮ ಪಶ್ಚಿಮ ಆಫ್ರಿಕಾ ಮೂಲದವರು ಎಂದು ಡಿಎನ್ಎ ಹೇಳುತ್ತದೆ. ಅದೇ ಸ್ಮಶಾನದಲ್ಲಿ ಅವಳ ತಾಯಿಯ ಕಡೆಯ ನೆಂಟರೂ ಇದ್ದಾರೆ. ಊರಿನವರು ಅವಳನ್ನು ತಮ್ಮವಳಂತೆಯೇ ಮಣ್ಣು ಮಾಡಿದ್ದರು. ಅವಳ ಸುತ್ತಲಿನ ಆಂಗ್ಲೋ-ಸ್ಯಾಕ್ಸನ್ನರೂ, ಅಂದರೆ ಇಂಗ್ಲಿಷರ ಪೂರ್ವಜರೂ, ಹೊರಗಿನಿಂದ ಬಂದವರೇ. 2022ರ ಅಧ್ಯಯನದ ಪ್ರಕಾರ, ಆಗಿನ ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನವರ ವಂಶಮೂಲದಲ್ಲಿ ಸುಮಾರು ಮುಕ್ಕಾಲು ಭಾಗ ಸಮುದ್ರದಾಚೆಯ ಉತ್ತರ ಯುರೋಪಿನದು.

ಅದೇ ಕೆಂಟ್‌ನ ಕ್ಯಾಂಟರ್ಬರಿಯಲ್ಲಿ, ಅದೇ ಶತಮಾನದಲ್ಲಿ, ಮಠಾಧಿಪತಿಯಾಗಿದ್ದವನು ಹೇಡ್ರಿಯನ್. ಅವನು ಆಫ್ರಿಕಾದವನೆಂದು 731ರಲ್ಲಿ ಇತಿಹಾಸಕಾರ ಬೀಡ್ ಸ್ಪಷ್ಟವಾಗಿ ಬರೆದಿದ್ದಾನೆ. ಅವನ ಜೊತೆ ಪಾಠ ಹೇಳಿದ ಆರ್ಚ್‌ಬಿಷಪ್ ಥಿಯೋಡೋರ್, ಈಗಿನ ಟರ್ಕಿಯ ಟಾರ್ಸಸ್‌ನವನು. ಇಂಗ್ಲಿಷರ ಆರಂಭದ ಕಾಲದ ಹೆಸರಾಂತ ಶಾಲೆಯನ್ನು ಕಟ್ಟಿದವರು ಈ ಇಬ್ಬರು ಪರದೇಶದವರು. ಅವರ ಶಿಷ್ಯರಲ್ಲಿ ಕೆಲವರು ಗ್ರೀಕ್, ಲ್ಯಾಟಿನ್ ಎರಡನ್ನೂ ತಾಯ್ನುಡಿಯಷ್ಟೇ ಚೆನ್ನಾಗಿ ಬಲ್ಲರು, ಅವರು ಇನ್ನೂ ಬದುಕಿದ್ದಾರೆ ಎಂದು ಬೀಡ್ ಹೆಮ್ಮೆಯಿಂದಲೇ ಬರೆಯುತ್ತಾನೆ.