ಹುಬ್ಬಿನ ನೆತ್ತರು, ತಲೆಯೊಳಗಿನ ಮೊಸರು

ನೆತ್ತರು ಸುರಿದರೆ ದೊಡ್ಡ ಪೆಟ್ಟು, ಸುರಿಯದಿದ್ದರೆ ಪಾರಾದೆವು ಎನ್ನುವವರನ್ನು ಕಂಡಾಗಲೆಲ್ಲ ನನಗೆ ಚಕ್ ವೆಪ್ನರ್ ನೆನಪಾಗುತ್ತಾನೆ. ಅಮೆರಿಕದ ನ್ಯೂಜೆರ್ಸಿಯ ಬೇಯಾನ್ ಊರಿನ ಹೆವಿವೇಟ್ ಬಾಕ್ಸರ್. ಹೊಟ್ಟೆಪಾಡಿಗೆ ಮದ್ಯದ ಸೇಲ್ಸ್‌ಮನ್. 1964ರಿಂದ 1978ರವರೆಗೆ ಕಣದಲ್ಲಿದ್ದು 35 ಪಂದ್ಯ ಗೆದ್ದ, 14 ಸೋತ, ಎರಡು ಸಮವಾದವು. ದೊಡ್ಡವರು ಮೇಲೇರುವಾಗ ತುಳಿದು ಹೋಗುವ ಮೆಟ್ಟಿಲಿನಂಥವನು. ಅವನಿಗೆ ಅಂಟಿದ ಅಡ್ಡಹೆಸರು ‘ಬೇಯಾನ್ ಬ್ಲೀಡರ್’, ಅಂದರೆ ಬೇಯಾನ್‌ನ ನೆತ್ತರು ಸುರಿಸುವವ. 1970ರಲ್ಲಿ ಮಾಜಿ ಹೆವಿವೇಟ್ ಚಾಂಪಿಯನ್ ಸೋನಿ ಲಿಸ್ಟನ್‌ನ ಏಟು ತಿಂದು ಬಂದಾಗ ಮುಖಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೊಲಿಗೆ ಹಾಕಬೇಕಾಯಿತು.

ಹುಬ್ಬು ಒಡೆಯಲು ರಕ್ತ ತೆಳುವಾಗಿರಬೇಕಿಲ್ಲ. ಹುಬ್ಬಿನ ಮೇಲೆ ಬೆರಳಾಡಿಸಿ ನೋಡಿ: ಚರ್ಮದ ಅಡಿಯಲ್ಲೇ ಮೂಳೆಯ ಏಣು ಸಿಗುತ್ತದೆ. ಕೆನ್ನೆಗಿರುವಂಥ ಕೊಬ್ಬಿನ ಮೆತ್ತೆ ಅಲ್ಲಿಲ್ಲ. ಗ್ಲೋವ್ ಹೊರಗಿನಿಂದ ಬಡಿದರೂ ಚರ್ಮವನ್ನು ಹರಿಯುವುದು ಒಳಗಿನ ಆ ಏಣು. ಒಗೆಯುವ ಕಲ್ಲಿನ ಅಂಚಿಗೆ ಹಳೆಯ ಪಂಚೆ ಬಡಿದಂತೆ, ಈಳಿಗೆಯ ಮೇಲೆ ಟೊಮೆಟೊ ಒತ್ತಿದಂತೆ. ವಾಸಿಯಾದ ಮೇಲೂ ಆ ಜಾಗಕ್ಕೆ ಮೊದಲಿನ ಬಲದಲ್ಲಿ ಹೆಚ್ಚೆಂದರೆ ಸುಮಾರು ಶೇ 80ರಷ್ಟು ಮಾತ್ರ ಮರಳುತ್ತದೆ. ತೇಪೆ ಹಾಕಿದ ಪ್ಯಾಂಟು ಮತ್ತೆ ಹರಿಯುವುದು ಮೊಣಕಾಲಿನಲ್ಲೇ ತಾನೆ? ಒಮ್ಮೆ ಒಡೆದ ಹುಬ್ಬು ಬಾಕ್ಸರ್‌ಗೆ ತೀರದ ಸಾಲ.

ಎರಡು ಸುತ್ತುಗಳ ನಡುವೆ ಸಿಗುವುದು ಒಂದೇ ನಿಮಿಷ. ‘ಕಟ್‌ಮನ್’ ಎಂಬಾತ ಸಾವಿರಕ್ಕೊಂದು ಪಾಲಿನ ಅಡ್ರಿನಲಿನ್ ದ್ರಾವಣದಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಗಾಯದೊಳಕ್ಕೇ ಇಟ್ಟು ಒತ್ತಿ ಹಿಡಿಯುತ್ತಾನೆ, ರಕ್ತನಾಳಗಳು ಮುದುಡುತ್ತವೆ. ಹಲ್ಲು ಕೀಳುವ ಮುನ್ನ ದಂತವೈದ್ಯರು ಕೊಡುವ ಸೂಜಿಮದ್ದಿನಲ್ಲೂ ಅನೇಕ ವೇಳೆ ಇದೇ ಬೆರೆತಿರುತ್ತದೆ. ಮೇಲಿಷ್ಟು ವ್ಯಾಸಲೀನ್ ಬಳಿದ, ಗಂಟೆ ಬಾರಿಸಿತು, ಬಾಕ್ಸರ್ ಎದ್ದ.

ನಾವು ಹುಬ್ಬು ನೋಡಿ ಮುಖ ಕಿವಿಚುತ್ತೇವೆ. ಹೆದರಬೇಕಾದ ಜಾಗ ಗದ್ದ. ಅಲ್ಲಿಗೆ ಪಕ್ಕದಿಂದ ಬಿದ್ದ ಹುಕ್, ಅಂದರೆ ಮೊಣಕೈ ಬಾಗಿಸಿ ಬೀಸಿದ ಗುದ್ದು, ತಲೆಯನ್ನು ಗಕ್ಕನೆ ತಿರುಗಿಸುತ್ತದೆ. ಬುರುಡೆ ತಿರುಗಿತು, ಮಿದುಳು ಅರೆಗಳಿಗೆ ಹಿಂದುಳಿಯಿತು. ಗಟ್ಟಿ ಮೊಸರಿನ ಗಡಿಗೆಯನ್ನು ಗಿರ್ರನೆ ತಿರುಗಿಸಿ ನಿಲ್ಲಿಸಿ. ಹೆಪ್ಪು ಎಲ್ಲೆಲ್ಲಿ ಬಿರಿಯುತ್ತದೆ ಎಂದು ನೋಡಿ. ಮಿದುಳಿನಲ್ಲಿ ಹೀಗೆ ಜಗ್ಗಿ ಹರಿಯುವುದು ನರತಂತುಗಳು. ಹೊರಗೆ ಒಂದು ಹನಿ ರಕ್ತವಿಲ್ಲ.

ಗ್ಲೋವ್ ಇದೆಯಲ್ಲ ಎನ್ನಬೇಡಿ. ಅದು ಮೊದಲು ಕಾಯುವುದು ಹೊಡೆಯುವವನ ಬೆರಳುಗಳನ್ನು. ಬರಿಗೈಯಲ್ಲಿ ಬುರುಡೆಗೆ ಗುದ್ದಿದರೆ ಮುರಿಯುವುದು ಕೈ. ಬಾಕ್ಸಿಂಗ್‌ಗೆ 1867ರ ಕ್ವೀನ್ಸ್‌ಬೆರಿ ನಿಯಮಗಳು ಗ್ಲೋವ್ ತಂದ ಮೇಲೆ ಆ ಅಳುಕು ಹೋಯಿತು. 1928ರಲ್ಲೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ, ಏಟು ತಿಂದು ತಿಂದು ಕುಡುಕರಂತೆ ತೂರಾಡುವ ಬಾಕ್ಸರ್‌ಗಳ ಬಗ್ಗೆ ‘ಪಂಚ್ ಡ್ರಂಕ್’ ಎಂಬ ಪ್ರಬಂಧ ಬರೆದ. ಗಡಿಯಾರದ ಅಂಕಿಗಳಿಗೆ ರೇಡಿಯಂ ಬಳಿಯುತ್ತಿದ್ದ ಹುಡುಗಿಯರು ಏಕೆ ಸಾಯುತ್ತಿದ್ದಾರೆಂದು ತೋರಿಸಿಕೊಟ್ಟವನೂ ಇವನೇ. ಅವನು ಕೆಲಸ ಮಾಡಿದ ನೆವಾರ್ಕ್ ಇರುವುದು ಬೇಯಾನ್‌ನಿಂದ ಒಂದು ಕೊಲ್ಲಿಯಾಚೆ.

1975ರ ಮಾರ್ಚ್ 24ರಂದು ಒಹಾಯೊದ ರಿಚ್‌ಫೀಲ್ಡ್‌ನಲ್ಲಿ ವೆಪ್ನರ್ ಎದುರು ನಿಂತವನು ಮುಹಮ್ಮದ್ ಅಲಿ. ಒಂಬತ್ತನೆಯ ಸುತ್ತಿನಲ್ಲಿ ಅಲಿ ನೆಲಕ್ಕೆ ಬಿದ್ದ. ವೆಪ್ನರ್ ನನ್ನ ಕಾಲು ತುಳಿದ ಎಂಬುದು ಅಲಿಯ ತಕರಾರು. ಹದಿನೈದನೆಯ, ಕೊನೆಯ ಸುತ್ತು ಮುಗಿಯಲು 19 ಸೆಕೆಂಡ್ ಇರುವಾಗ ರೆಫರಿ ಪಂದ್ಯ ನಿಲ್ಲಿಸಿದ. ಅಷ್ಟರಲ್ಲಿ ವೆಪ್ನರ್‌ನ ಎರಡೂ ಹುಬ್ಬು ಹರಿದಿದ್ದವು.